ಧಾತು-ಈಶ್ವರದ ಕ್ಷಾಮವೂ ಒಂದು ಪೌಂಡು ಧಾನ್ಯವೂ

ನಾನು ಚಿಕ್ಕವನಾಗಿದ್ದಾಗ ಊಟದ ತಟ್ಟೆಯ ಮುಂದೆ ಕುಳಿತು ಆತುರಪಟ್ಟರೆ ನಮ್ಮ ಅಜ್ಜಿ, “ಇವನೇನು ಧಾತು ಈಶ್ವರದಲ್ಲಿ ಹುಟ್ಟಿದವನೋ!” ಎಂದು ಗದರಿಸುತ್ತಿದ್ದರು. ಆ ಮಾತು ಅವರಿಗೆ ಅವರ ಅಜ್ಜಿಯಿಂದ ಬಂದದ್ದು. ಈಶ್ವರನೆಂದರೆ ನಮ್ಮೂರ ಗುಡಿಯ ಈಶ್ವರನೇ ಎಂದು ನಾನು ಬಹುಕಾಲ ನಂಬಿಕೊಂಡಿದ್ದೆ. ಆ ದೇವರು ಯಾವಾಗಲೋ ಒಮ್ಮೆ ಮುನಿದು ಜನರಿಗೆ ಅನ್ನವಿಲ್ಲದಂತೆ ಮಾಡಿದನೆಂದು ಭಾವಿಸಿದ್ದೆ. ಬಿ.ಎ. ತರಗತಿಗೆ ಬಂದು ಚರಿತ್ರೆಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಮೇಲೆಯೇ ನನಗೆ ತಿಳಿದದ್ದು, ಧಾತು ಮತ್ತು ಈಶ್ವರ ಎಂಬುವು ಎರಡು ಸಂವತ್ಸರಗಳ ಹೆಸರುಗಳೆಂದು. ಕ್ರಿಸ್ತಶಕದ ಲೆಕ್ಕದಲ್ಲಿ ಅವು 1876-77 ಮತ್ತು 1877-78. ಅರುವತ್ತು ವರ್ಷಕ್ಕೊಮ್ಮೆ ಬರುವ ಈ ಹೆಸರುಗಳು 1936ರಲ್ಲಿಯೂ 1996ರಲ್ಲಿಯೂ ಮತ್ತೆ ಬಂದುಹೋದುವು. ಆಗ ಅಂತಹ ಕ್ಷಾಮವೇನೂ ಬರಲಿಲ್ಲ. ಹಾಗಾದರೆ ತಪ್ಪು ಸಂವತ್ಸರದ್ದಲ್ಲವಷ್ಟೆ.

ತಪ್ಪು ಮಳೆಯದೋ, ಆಳುವವರದೋ ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ನಾನು ಓದಿ ತಿಳಿದಷ್ಟನ್ನು ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಮಳೆಯ ಪಾಲನ್ನು ಒಪ್ಪಿಕೊಂಡುಬಿಡೋಣ. 1875ರಲ್ಲಿಯೇ ಮೈಸೂರು ಸೀಮೆಯ ಹಲವು ಕಡೆ ಬೆಳೆ ಕೈಕೊಟ್ಟಿತ್ತು. 1876ರಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. 1877ರ ಮುಂಗಾರು ಕೂಡ ಸೆಪ್ಟೆಂಬರಿನ ತನಕ ಸರಿಯಾಗಿ ಹಿಡಿಯಲಿಲ್ಲ. ಇದು ನಮ್ಮ ನಾಡಿಗೆ ಮಾತ್ರ ಬಂದ ವಿಪತ್ತಲ್ಲ. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿಯೂ ಬ್ರೆಜಿಲಿನ ಈಶಾನ್ಯ ಭಾಗದಲ್ಲಿಯೂ ಘೋರವಾದ ಬರ ಬಿದ್ದಿತು. ಶಾಂತಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ಅಸಾಧಾರಣವಾಗಿ ಬಿಸಿಯೇರಿ, ಸಾವಿರಾರು ಮೈಲಿ ದೂರದ ಮಳೆಗಾಳಿಯನ್ನು ಕೆಡಿಸುತ್ತದೆಂದೂ, 1877-78ರಲ್ಲಿ ಆ ಎಲ್ ನಿನೊ ಬಹಳ ಪ್ರಬಲವಾಗಿತ್ತೆಂದೂ ವಿಜ್ಞಾನಿಗಳು ಈಗ ಹೇಳುತ್ತಾರೆ. ಯಾವ ವೈಸರಾಯಿಯೂ ಇದನ್ನು ತಡೆಯಲಾರನಾಗಿದ್ದ.

ನಮ್ಮ ರೈತರಿಗಾದರೂ ಮಳೆ ಕೈಕೊಡುವುದು ಹೊಸ ಸಂಗತಿಯಲ್ಲ. ಅದಕ್ಕಾಗಿಯೇ ಅವರು ಹಗೇವುಗಳನ್ನು ತೋಡಿ ರಾಗಿಯನ್ನು ತುಂಬುತ್ತಿದ್ದರು. ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುವ ಧಾನ್ಯ. ಒಂದು ವರ್ಷ ಬೆಳೆ ಹೋದರೆ ಹಗೇವು ಕಾಯುತ್ತದೆ. ಎರಡನೆಯ ವರ್ಷವೂ ಹೋದರೆ ಅದರ ತಳ ಕಾಣುತ್ತದೆ. ಆಮೇಲೆ ರೈತನು ಧಾನ್ಯವನ್ನು ಕೊಂಡೇ ತಿನ್ನಬೇಕು. ಕೊಳ್ಳಲು ಹಣ ಬೇಕು. ಬೆಳೆಯಿಲ್ಲದವನಿಗೆ ಹಣವಿಲ್ಲ, ಹೊಲದಲ್ಲಿ ಕೆಲಸವಿಲ್ಲದ ಕೂಲಿಯವನಿಗೆ ಮೊದಲೇ ಇಲ್ಲ. ಮಗ್ಗದವನ ಬಟ್ಟೆಯನ್ನು ಕೊಳ್ಳುವವರಿಲ್ಲ. ಬೆಲೆ ಮಾತ್ರ ದಿನದಿನಕ್ಕೂ ಏರುತ್ತದೆ. ಬರವು ಕ್ಷಾಮವಾಗುವುದು ಈ ಹಂತದಲ್ಲಿ. ಮಳೆ ಬಾರದಿರುವುದು ಬರ. ಧಾನ್ಯವು ಹಸಿದವನ ಬಾಯಿಗೆ ಬಾರದಿರುವುದು ಕ್ಷಾಮ. ಎರಡು ಮಾತುಗಳನ್ನೂ ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆದರೆ ಈ ಲೇಖನದ ಮಟ್ಟಿಗೆ ಅವನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಸರ್ಕಾರದ ಕೆಲಸವೆಲ್ಲ ಈ ಎರಡರ ನಡುವೆ ಇದೆ.

ಆಗ ಆಳುತ್ತಿದ್ದವರು ಯಾರು? ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ, ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ಕಲಾದಗಿ, ಇವು ನೇರವಾಗಿ ಬ್ರಿಟಿಷರವು. ಮೈಸೂರು ಹೆಸರಿಗೆ ರಾಜ್ಯವಾಗಿದ್ದರೂ 1831ರಿಂದ 1881ರ ವರೆಗೆ ಕಮಿಷನರುಗಳ ಆಳ್ವಿಕೆಯಲ್ಲಿತ್ತು. ಅಂದರೆ ಕನ್ನಡ ನಾಡಿನ ಬಹುಭಾಗದ ಹೊಣೆಯು ಕಡೆಗೆ ಒಬ್ಬನೇ ವೈಸರಾಯಿಯ ಮೇಜಿಗೆ ಹೋಗಿ ಮುಟ್ಟುತ್ತಿತ್ತು. ಆತನೇ ಲಾರ್ಡ್ ಲಿಟ್ಟನ್.

ಇಲ್ಲಿ ಒಂದು ಹಿಂದಿನ ಕಥೆಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1866ರಲ್ಲಿ ಒರಿಸ್ಸಾದಲ್ಲಿ ಕ್ಷಾಮ ಬಿತ್ತು. ಬಂಗಾಳದ ಸರ್ಕಾರ, ವ್ಯಾಪಾರಿಗಳೇ ಧಾನ್ಯ ತರುತ್ತಾರೆಂದು ಕಾದು ಕುಳಿತಿತು. ಮಳೆಗಾಲ ಹಿಡಿದು ದಾರಿಗಳು ಮುಚ್ಚಿದ ಮೇಲೆ ಎಚ್ಚೆತ್ತುಕೊಂಡಿತು. ಸುಮಾರು 10 ಲಕ್ಷ ಜನ ಸತ್ತರು. ವಿಚಾರಣೆ ನಡೆದು ಸರ್ಕಾರಕ್ಕೆ ಛೀಮಾರಿಯಾಯಿತು. ಆ ನಾಚಿಕೆ ಇನ್ನೂ ಹಸಿಯಾಗಿದ್ದಾಗ, 1873-74ರಲ್ಲಿ ಬಿಹಾರದಲ್ಲಿ ಬೆಳೆ ಹೋಯಿತು. ಈ ಸಾರಿ ಸರ್ಕಾರ ಕಾಯಲಿಲ್ಲ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಕೈಗೆ ಪರಿಹಾರದ ಕೆಲಸವನ್ನು ಒಪ್ಪಿಸಿತು. ಸರ್ಕಾರ ಬರ್ಮಾ ದೇಶದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ನುಗಳಷ್ಟು ಅಕ್ಕಿಯನ್ನು ತರಿಸಿತು. ಟೆಂಪಲ್ ಅದನ್ನು ಗಾಡಿಗಳ ಮೇಲೆ ಹಳ್ಳಿಹಳ್ಳಿಗೆ ಸಾಗಿಸಿದ. ಕೆಲಸ ಮಾಡಬಲ್ಲವರಿಗೆ ಕೂಲಿ ಕೊಟ್ಟ, ಮಾಡಲಾರದವರಿಗೆ ಧರ್ಮವಾಗಿಯೇ ಕೊಟ್ಟ. ಹಸಿವಿನಿಂದ ಸತ್ತವರು ಬಹಳ ವಿರಳ.

ಇಷ್ಟಾದ ಮೇಲೆ ಆತನಿಗೆ ಬಿರುದು ಬಾವಲಿಗಳು ಬರಬೇಕಾಗಿತ್ತು ಎಂದು ನಾವು ಯೋಚಿಸುತ್ತೇವೆ. ಬಂದದ್ದು ಟೀಕೆ. ಜನ ಸಾಯಲಿಲ್ಲವಾದ್ದರಿಂದ, ಕ್ಷಾಮವೇ ಅಷ್ಟು ದೊಡ್ಡದಾಗಿರಲಿಲ್ಲವೆಂದೂ, ಖಜಾನೆಯನ್ನು ಸುಮ್ಮನೆ ಬರಿದು ಮಾಡಿದನೆಂದೂ ಲಂಡನ್ನಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಹೀಗಳೆದರು. ಕಟ್ಟೆ ಭದ್ರವಾಗಿ ನಿಂತು ಊರು ಮುಳುಗದಿದ್ದರೆ, ಇಷ್ಟು ದೊಡ್ಡ ಕಟ್ಟೆ ಏತಕ್ಕೆ ಬೇಕಾಗಿತ್ತೆಂದು ಕೇಳಿದಂತೆ! ಸರ್ಕಾರದ ಕೆಲಸದಲ್ಲಿ ಬಚಾವಾದ ಪ್ರಾಣಗಳಿಗೆ ಲೆಕ್ಕದ ಪುಸ್ತಕದಲ್ಲಿ ಕಲಮು ಇಲ್ಲ, ಖರ್ಚಾದ ರೂಪಾಯಿಗೆ ಇದೆ. ಟೆಂಪಲ್ ಈ ಪಾಠವನ್ನು ಚೆನ್ನಾಗಿ ಕಲಿತನೆಂದು ತೋರುತ್ತದೆ.

1877ರ ಜನವರಿ 1ರಂದು ದಿಲ್ಲಿಯಲ್ಲಿ ದೊಡ್ಡ ದರ್ಬಾರು ನಡೆಯಿತು. ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಲು ಲಿಟ್ಟನ್ ಏರ್ಪಡಿಸಿದ ಸಮಾರಂಭವದು. ಆ ವೇಳೆಗೆ ದಕ್ಷಿಣದಲ್ಲಿ ಜನ ಊರು ಬಿಟ್ಟು ದಾರಿ ಹಿಡಿದಿದ್ದರು. ಮದರಾಸಿನ ಗವರ್ನರನಾಗಿದ್ದ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ 1876ರ ಕೊನೆಯಲ್ಲಿಯೇ ತಾನಾಗಿ 30,000 ಟನ್ ಧಾನ್ಯವನ್ನು ಕೊಂಡಿಟ್ಟುಕೊಂಡಿದ್ದ. ವೈಸರಾಯಿ ಇದನ್ನು ಮೆಚ್ಚಲಿಲ್ಲ. ಸರ್ಕಾರ ಧಾನ್ಯದ ವ್ಯಾಪಾರಕ್ಕೆ ಕೈಹಾಕಿದರೆ ವರ್ತಕರು ಹಿಂದೆಗೆಯುತ್ತಾರೆ. ಬೆಲೆ ಏರಿದರೆ ಧಾನ್ಯ ತಾನಾಗಿಯೇ ಆ ಕಡೆಗೆ ಹರಿದುಬರುತ್ತದೆ. ಆದ್ದರಿಂದ ಬೆಲೆಯನ್ನು ಮುಟ್ಟಕೂಡದು ಎಂಬುದು ಆತನ ಸಿದ್ಧಾಂತ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವೂ ಇದನ್ನು ಬರೆದು ಅಂಕ ಪಡೆಯುತ್ತೇವೆ. ಸಿದ್ಧಾಂತದಲ್ಲಿ ಒಂದು ಲೋಪವಿದೆ. ಧಾನ್ಯವು ಹರಿಯುವುದು ಹಸಿವಿದ್ದ ಕಡೆಗಲ್ಲ, ಹಣವಿದ್ದ ಕಡೆಗೆ. 1877-78ರಲ್ಲಿಯೂ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು.

ಆದರೂ ನ್ಯಾಯವಾಗಿ ಹೇಳಬೇಕೆಂದರೆ, ವರ್ತಕರು ಧಾನ್ಯ ತರಲೇ ಇಲ್ಲವೆಂದಲ್ಲ. ಮದರಾಸಿನ ಕಡಲತೀರದಲ್ಲಿ ಮೂಟೆಗಳು ಬೆಟ್ಟದಂತೆ ಬಿದ್ದಿದ್ದುವು. ರೈಲಿನಲ್ಲಿ ಬೆಂಗಳೂರಿನ ತನಕ ಬರುತ್ತಲೂ ಇತ್ತು. ಅಲ್ಲಿಂದಾಚೆಗೆ ಮೈಸೂರು, ಹಾಸನ, ಚಿತ್ರದುರ್ಗಗಳ ಕಡೆಗೆ ಆಗ ರೈಲೇ ಇರಲಿಲ್ಲ. ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಸತ್ತಿದ್ದುವು. ಬೆಲೆಯೇರಿದರೆ ಧಾನ್ಯ ಹರಿಯುತ್ತದೆಂಬ ಮಾತಿಗೆ ಎತ್ತುಗಳೂ ಬದುಕಿರಬೇಕೆಂಬ ಷರತ್ತೊಂದಿದೆ. ಅದನ್ನು ಪುಸ್ತಕ ಬರೆದವರು ಸೇರಿಸಿರಲಿಲ್ಲ.

ಲಿಟ್ಟನ್ ದಕ್ಷಿಣಕ್ಕೆ ಟೆಂಪಲನನ್ನೇ ಪ್ರತಿನಿಧಿಯಾಗಿ ಕಳುಹಿಸಿದ. ಮಿತವ್ಯಯವೇ ಆತನಿಗೆ ಕೊಟ್ಟ ಆಜ್ಞೆ. ಬಿಹಾರದಲ್ಲಿ ಧಾರಾಳಿಯೆನಿಸಿಕೊಂಡವನು ಮದರಾಸು ಪ್ರಾಂತ್ಯದಲ್ಲಿ ಕೈಬಿಗಿಯ ಅವತಾರವಾದ. ಕಾಮಗಾರಿಗಳಲ್ಲಿ ಅನಗತ್ಯ ಜನ ಸೇರಿಕೊಂಡಿದ್ದಾರೆಂದು ತೀರ್ಮಾನಿಸಿ ಬಹು ಮಂದಿಯನ್ನು ತೆಗೆದುಹಾಕಿಸಿದ. ನಿಜವಾಗಿ ಹಸಿದವನು ಮಾತ್ರವೇ ಬರಲಿ ಎಂದು, ಮನೆಯಿಂದ ದೂರದ ಕಾಮಗಾರಿಗೆ ಹೋಗಿ ಅಲ್ಲಿಯೇ ಇರಬೇಕೆಂಬ ಪರೀಕ್ಷೆಯನ್ನಿಟ್ಟರು. ಕೂಲಿಯನ್ನೂ ಇಳಿಸಿದರು. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಅದರ ಮೇಲೆ ಉಪ್ಪು ಮೆಣಸಿಗೆ ಅರ್ಧ ಆಣೆ. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಮೆ. ಮುಂದೆ ‘ಟೆಂಪಲ್ ಕೂಲಿ’ ಎಂದು ಕುಪ್ರಸಿದ್ಧವಾದದ್ದು ಇದೇ.

ಒಂದು ಪೌಂಡೆಂದರೆ ಎಷ್ಟು? ಪುಸ್ತಕದಲ್ಲಿ ಓದಿದಾಗ ನನಗೆ ಅಂದಾಜು ಸಿಗಲಿಲ್ಲ. ದಸರೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಂಗಡಿಯ ತಕ್ಕಡಿಯಲ್ಲಿ 450 ಗ್ರಾಂ ರಾಗಿಹಿಟ್ಟನ್ನು ತೂಗಿಸಿ ತಂದು ಅಮ್ಮನ ಕೈಗೆ ಕೊಟ್ಟು, ಇದರಲ್ಲಿ ಎಷ್ಟು ಮುದ್ದೆಯಾಗುತ್ತದೆಂದು ಕೇಳಿದೆ. ಕಳೆ ಕೀಳುವವರು ಉಣ್ಣುವಂತಹ ಮುದ್ದೆಯಾದರೆ ಮೂರು, ನಿನ್ನಂತಹ ಓದುವವರ ಮುದ್ದೆಯಾದರೆ ನಾಲ್ಕು ಎಂದರು. ಸಾರಿಗೆ ಕಾಳು ಇಲ್ಲ, ಸೊಪ್ಪಿಲ್ಲ, ಮಜ್ಜಿಗೆಯಿಲ್ಲ. ಬೆಳಗಿನಿಂದ ಸಂಜೆಯ ತನಕ ಇದಿಷ್ಟೇ ಎಂದೆ. “ಇದನ್ನು ತಿಂದು ಕುಳಿತಿರಬಹುದು, ಮಣ್ಣು ಹೊರುವುದಕ್ಕಾಗುತ್ತದೆಯೆ?” ಎಂದು ಅವರು ಕೇಳಿದರು. ಅಮ್ಮ ಕೆರೆಯ ಹೂಳೆತ್ತುವ ಕೆಲಸದಲ್ಲಿ ಮಣ್ಣು ಹೊತ್ತವರು. ಈಗಿನ ಲೆಕ್ಕದಲ್ಲಿ ಹೇಳುವುದಾದರೆ ಅಷ್ಟು ರಾಗಿಯಿಂದ ಸುಮಾರು 1,500 ಕ್ಯಾಲೊರಿ ದೊರೆಯುತ್ತದೆ. ಅಕ್ಕಿಯಾದರೆ ಸ್ವಲ್ಪ ಹೆಚ್ಚು. ಕಷ್ಟದ ದುಡಿಮೆ ಮಾಡುವ ಗಂಡಸಿಗೆ ಬೇಕಾದದ್ದು ಇದರ ಎರಡರಷ್ಟಕ್ಕೂ ಮೇಲೆ.

ನಮ್ಮ ಅಮ್ಮ ಕೇಳಿದ ಪ್ರಶ್ನೆಯನ್ನೇ ಆಗ ಒಬ್ಬ ಡಾಕ್ಟರು ಸರ್ಕಾರಕ್ಕೆ ಕೇಳಿದ. ಮದರಾಸು ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ವಿಲಿಯಂ ಕಾರ್ನಿಷ್. ಆತ ಸರ್ಕಾರದ ನೌಕರ, ಇಂಗ್ಲಿಷರವನು. ಈ ಆಹಾರದ ಮೇಲೆ ದುಡಿಯುವ ದೇಹ ತನ್ನ ಮಾಂಸವನ್ನೇ ತಿಂದು ಕರಗುತ್ತದೆಂದೂ, ಸೆರೆಮನೆಯಲ್ಲಿ ಕಠಿಣ ಶಿಕ್ಷೆಯ ಕೈದಿಗಳಿಗೆ ಇದಕ್ಕಿಂತ ಹೆಚ್ಚಿನ ಪಡಿ ಸಲ್ಲುತ್ತಿದೆಯೆಂದೂ ಆತ ತೋರಿಸಿದ. ಧಾನ್ಯವೊಂದೇ ಸಾಲದು, ಬೇಳೆಕಾಳೂ ಬೇಕೆಂದು ವಾದಿಸಿದ. ಟೆಂಪಲ್, ಇದೊಂದು ಪ್ರಯೋಗ, ನೋಡೋಣ ಎಂಬ ಧೋರಣೆಯಲ್ಲಿ ಉತ್ತರ ಕೊಟ್ಟ. ಪ್ರಯೋಗವೆಂಬ ಮಾತನ್ನು ಪ್ರಯೋಗಶಾಲೆಯಲ್ಲಿ ಕೇಳಿದರೆ ಚಿಂತೆಯಿಲ್ಲ. ವರದಿಗಳು ಮೇಲಕ್ಕೂ ಕೆಳಕ್ಕೂ ಓಡಾಡಿದುವು. ಬೇಸಗೆ ಏರಿತು. ಕಾಮಗಾರಿಗಳಲ್ಲಿ ಕಾಲರಾ, ಅತಿಸಾರ ಹಬ್ಬಿದುವು. 1877ರ ಮೇ ತಿಂಗಳಿನಲ್ಲಿ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು. ಒಬ್ಬ ನೌಕರ ಮೇಲಧಿಕಾರಿಯ ಎದುರು ಕಾಗದದ ಮೇಲೆ ಹಠ ಹಿಡಿದದ್ದರಿಂದ ಎಷ್ಟು ಜೀವ ಉಳಿಯಿತೋ, ಅಷ್ಟು ತಿಂಗಳು ತಡವಾದದ್ದರಿಂದ ಎಷ್ಟು ಹೋಯಿತೋ.

ಮುಂಬಯಿ ಪ್ರಾಂತ್ಯದಲ್ಲಿ ಕೂಲಿಗಾರರೇ ಪ್ರತಿಭಟಿಸಿದರು. 1877ರ ಆರಂಭದಲ್ಲಿ ಕೂಲಿ ಇಳಿಸಿದಾಗ ಸಾವಿರಾರು ಜನ ಕಾಮಗಾರಿಗಳನ್ನು ಬಿಟ್ಟು ಹೊರಟುಬಿಟ್ಟರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿಗಳನ್ನು ಬರೆಯಿತು. ಹಸಿದವರ ಮುಷ್ಕರವನ್ನು ನಾನು ಬೇರೆ ಚರಿತ್ರೆಯಲ್ಲಿ ಹೆಚ್ಚಾಗಿ ಓದಿಲ್ಲ. ಮದರಾಸಿನಲ್ಲಿ ವಿಲಿಯಂ ಡಿಗ್ಬಿ ಎಂಬ ಪತ್ರಿಕಾ ಸಂಪಾದಕನು ದನಿಯೆತ್ತಿದ. 1877ರ ಆಗಸ್ಟಿನಲ್ಲಿ ಅಲ್ಲಿ ಸಭೆ ಸೇರಿ ಇಂಗ್ಲೆಂಡಿನ ಜನರಿಗೆ ಮೊರೆಯಿಟ್ಟರು. ಲಂಡನ್ನಿನ ಮ್ಯಾನ್ಷನ್ ಹೌಸಿನಲ್ಲಿ ನಿಧಿ ತೆರೆದು ಲಕ್ಷಾಂತರ ಪೌಂಡು ಕೂಡಿತು. ಆಳುವವರ ನಾಡಿನ ಸಾಮಾನ್ಯ ಜನ ಕೊಟ್ಟ ಆ ಹಣದಿಂದ ನಮ್ಮ ರೈತರು ಬಿತ್ತನೆ ಬೀಜವನ್ನೂ ಎತ್ತುಗಳನ್ನೂ ಕೊಂಡರು. ಇದನ್ನು ಮರೆಯುವುದು ಕೃತಘ್ನತೆ.

ಇನ್ನು ಮೈಸೂರಿನ ಸಂಗತಿ. ಇಲ್ಲಿ ಮೊದಮೊದಲು ಅಲ್ಲಲ್ಲಿ ಸಣ್ಣ ಕಾಮಗಾರಿಗಳನ್ನೂ, ಪಟ್ಟಣಗಳಲ್ಲಿ ಗಂಜಿಯ ಮನೆಗಳನ್ನೂ ನಡೆಸಿದರು. ಗಂಜಿಯ ಆಸೆಗೆ ಹಳ್ಳಿಗಳಿಂದ ಹೊರಟವರು ದಾರಿಯಲ್ಲಿಯೇ ಬಿದ್ದರು. ಮುಟ್ಟಿದವರು ಗುಂಪಿನ ರೋಗಕ್ಕೆ ಸಿಕ್ಕಿದರು. 1877ರ ಸೆಪ್ಟೆಂಬರಿನಲ್ಲಿ ಲಿಟ್ಟನ್ ತಾನೇ ದಕ್ಷಿಣಕ್ಕೆ ಬಂದು ನೋಡಿದ ಮೇಲೆ, ಚಾರ್ಲ್ಸ್ ಎಲಿಯಟ್ ಎಂಬುವನನ್ನು ಮೈಸೂರಿನ ಕ್ಷಾಮ ಕಮಿಷನರಾಗಿ ನೇಮಿಸಿ ವ್ಯವಸ್ಥೆಯನ್ನು ಹೊಸದಾಗಿ ಹೊಂದಿಸಿದರು. ಆ ವೇಳೆಗೆ ಸಾಯಬೇಕಾದವರಲ್ಲಿ ಬಹು ಮಂದಿ ಸತ್ತಿದ್ದರು, ಮಳೆಯೂ ಹಿಡಿದಿತ್ತು.

ಲೆಕ್ಕ ಹೀಗಿದೆ. 1871ರ ಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನ 8 ಲಕ್ಷ 69 ಸಾವಿರದಷ್ಟು ಇಳಿದರು. ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿ 8 ಲಕ್ಷಕ್ಕೂ ಮೇಲಿದ್ದವರು 1881ರಲ್ಲಿ ಸುಮಾರು 6 ಲಕ್ಷ 40 ಸಾವಿರ. ಇವರಲ್ಲಿ ವಲಸೆ ಹೋದವರೂ ಉಂಟು, ಎಲ್ಲರೂ ಸತ್ತರೆನ್ನುವಂತಿಲ್ಲ. ಹುಟ್ಟದೆ ಹೋದ ಮಕ್ಕಳೂ ಈ ಲೆಕ್ಕದಲ್ಲಿ ಸೇರುತ್ತಾರೆ. ಹಾಗಿದ್ದರೂ ಐದಾರು ಜನರ ಒಂದು ಮನೆಯಲ್ಲಿ ಒಬ್ಬರು ಇಲ್ಲವಾದರೆಂದು ಸ್ಥೂಲವಾಗಿ ಹೇಳಬಹುದು. ಹೀಗೆ ಓದುವಾಗ ನಮ್ಮ ಮನೆಯಲ್ಲಿ ಆ ಒಬ್ಬರು ಯಾರಾಗಿದ್ದರೋ ಎಂದು ಯೋಚಿಸಿದೆ. ಅಜ್ಜಿಯ ಬೈಗುಳದ ಹೊರತು ನಮ್ಮಲ್ಲಿ ಬೇರೆ ದಾಖಲೆಯಿಲ್ಲ. ಓದುಬರಹ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಟೀಕೆಯಿಂದ ಏನಾದರೂ ಪ್ರಯೋಜನವಾಯಿತೆ? ಆಯಿತು ಎಂದೇ ನನ್ನ ಅಭಿಪ್ರಾಯ. 1878ರಲ್ಲಿ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ನೇಮಕವಾಗಿ 1880ರಲ್ಲಿ ವರದಿ ಕೊಟ್ಟಿತು. ಹಸಿದವರಿಗೆ ನೆರವಾಗುವುದು ಸರ್ಕಾರದ ದಯೆಯಲ್ಲ, ಕರ್ತವ್ಯ ಎಂದು ಒಪ್ಪಿತು. ಕ್ಷಾಮವೆಂದರೆ ಧಾನ್ಯದ ಕೊರತೆಗಿಂತ ಹೆಚ್ಚಾಗಿ ಕೆಲಸದ, ಕೂಲಿಯ ಕೊರತೆ ಎಂಬುದನ್ನೂ ಗುರುತಿಸಿತು. ನೂರು ವರ್ಷಗಳ ತರುವಾಯ, 1981ರಲ್ಲಿ, ಅಮರ್ತ್ಯ ಸೇನರು ತಮ್ಮ ಗ್ರಂಥದಲ್ಲಿ ವಿಸ್ತರಿಸಿ ಜಗತ್ತಿಗೆ ತಿಳಿಸಿದ ವಿಚಾರದ ಬೀಜ ಇಲ್ಲಿದೆ. ಆಯೋಗದ ಸಲಹೆಯ ಮೇಲೆ ಕ್ಷಾಮ ಸಂಹಿತೆಗಳು ಬಂದುವು: ಮಳೆ ತಪ್ಪಿದಾಗ ಯಾವ ಚಿಹ್ನೆಗಳನ್ನು ನೋಡಬೇಕು, ಯಾವಾಗ ಪರೀಕ್ಷಾ ಕಾಮಗಾರಿ ತೆರೆಯಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ನಿಯಮಗಳು. ಧಾನ್ಯದ ಬೆಲೆ, ಜನರ ಅಲೆದಾಟ, ದನಗಳ ಮಾರಾಟ ಇವುಗಳಿಂದ ಬರುವ ವಿಪತ್ತನ್ನು ಮುಂಚಿತವಾಗಿ ಅಳೆಯುವ ಉಪಾಯ ಅದರಲ್ಲಿದೆ. ಇದು ನಿಜವಾಗಿ ಬೆಲೆಯುಳ್ಳ ಕೆಲಸ.

ಕ್ಷಾಮ ನಿಧಿಯ ಕಥೆ ಮಾತ್ರ ಬೇರೆ. ಮುಂದಿನ ಕ್ಷಾಮಗಳಿಗೆಂದು 1878ರಲ್ಲಿ ಹೊಸ ತೆರಿಗೆಗಳನ್ನು ಹಾಕಿದರು, ಮದರಾಸು ಮುಂಬಯಿಗಳಲ್ಲಿ ಉಪ್ಪಿನ ತೆರಿಗೆಯನ್ನೂ ಏರಿಸಿದರು. ಆಗತಾನೇ ಕ್ಷಾಮದಿಂದೆದ್ದವನ ಉಪ್ಪು! ಅದೇ ವರ್ಷ ಆಫ್ಘನ್ ಯುದ್ಧ ಆರಂಭವಾಯಿತು. ಕ್ಷಾಮಕ್ಕೆಂದು ಎತ್ತಿದ ಹಣ ಯುದ್ಧಕ್ಕೆ ಹೋಯಿತೆಂಬ ಆಪಾದನೆ ಇಂಗ್ಲೆಂಡಿನಲ್ಲಿಯೇ ಎದ್ದಿತು. ಯುದ್ಧಕ್ಕೆ ಸಿಕ್ಕ ಹಣ ಕೂಲಿಗೆ ಏಕೆ ಸಿಗಲಿಲ್ಲವೆಂದು ಕೇಳಿದರೆ, ಖಜಾನೆ ಬರಿದಾಗಿತ್ತೆಂಬ ಸಮಾಧಾನ ನಿಲ್ಲುವುದಿಲ್ಲ.

ಅಂದಿನ ಸರ್ಕಾರ ಪರಕೀಯರದು, ಆದ್ದರಿಂದ ಹಾಗೆ ಮಾಡಿತು ಎಂದು ನನ್ನ ಗೆಳೆಯನೊಬ್ಬ ವಾದಿಸುತ್ತಾನೆ. ಅರ್ಧ ಒಪ್ಪುತ್ತೇನೆ. ಮತ ಕೇಳಲು ಬರಬೇಕಾದ ಸರ್ಕಾರ ಜನರನ್ನು ಲಕ್ಷಗಟ್ಟಲೆ ಸಾಯಗೊಡುವುದಿಲ್ಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. ಮಳೆಯ ಅಭಾವ ಕಡಮೆಯದೇನಲ್ಲ, ಆದರೂ ಹಸಿವಿನ ಸಾವುಗಳ ಸುದ್ದಿ ಬರಲಿಲ್ಲ. ಪಡಿತರದ ಅಕ್ಕಿ ಇತ್ತು. ಆದರೆ ಕೇಂದ್ರದ ನೆರವು ಬರಲಿಲ್ಲವೆಂದು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಹಣ ಬಿಡುಗಡೆಯಾದದ್ದು ಏಪ್ರಿಲಿನಲ್ಲಿ. ಮುಂಗಾರಿನ ಬೆಳೆ ಒಣಗಿದ್ದು ಅದಕ್ಕೆ ಆರೇಳು ತಿಂಗಳ ಹಿಂದೆ. ಯಾರ ತಪ್ಪೆಂದು ಎರಡು ಕಡೆಯವರೂ ಪತ್ರಿಕೆಗಳಲ್ಲಿ ಹೇಳಿಕೊಂಡರು. ಸಾಲ ಮಾಡಿ ಬಿತ್ತಿದವನಿಗೆ ಬಡ್ಡಿ ಮಾತ್ರ ಯಾವ ಹೇಳಿಕೆಗೂ ಕಾಯಲಿಲ್ಲ. ತಡವೆಂಬುದು ಸ್ವಕೀಯರಿಗೂ ಬರುವ ರೋಗವೇ.

ಮೈಸೂರಿಗೆ ಕ್ಷಾಮ ಬಿಟ್ಟುಹೋದದ್ದು ಎರಡು. 1881ರ ಮಾರ್ಚಿನಲ್ಲಿ ರಾಜ್ಯವನ್ನು ಚಾಮರಾಜ ಒಡೆಯರಿಗೆ ಹಿಂದಿರುಗಿಸಿದಾಗ, ಅದರ ತಲೆಯ ಮೇಲೆ ಕ್ಷಾಮಕಾಲದ 80 ಲಕ್ಷ ರೂಪಾಯಿಗಳ ಸಾಲವಿತ್ತು. ದಿವಾನ ರಂಗಾಚಾರ್ಲು ಅಧಿಕಾರಕ್ಕೆ ಬಂದದ್ದೇ ಈ ಹೊರೆಯೊಡನೆ. ಇನ್ನೊಂದು, ಬೆಂಗಳೂರು ಮೈಸೂರು ರೈಲುದಾರಿ. ಕ್ಷಾಮದ ಕೂಲಿಗಾರರಿಂದ ಮಣ್ಣು ಹೊರಿಸಿ ಆರಂಭಿಸಿದ ಆ ದಾರಿ 1882ರಲ್ಲಿ ಮೈಸೂರನ್ನು ಮುಟ್ಟಿತು. ರಜೆಗೆ ಊರಿಗೆ ಹೋಗುವಾಗ ನಾನು ಅದರಲ್ಲಿಯೇ ಹೋಗುತ್ತೇನೆ. ಈಗ ಅದು ಜೋಡಿಹಳಿ, ವಿದ್ಯುತ್ತಿನ ಗಾಡಿ. ಮದ್ದೂರು ದಾಟಿದ ಮೇಲೆ ಗದ್ದೆಗಳ ನಡುವೆ ದಿಬ್ಬ ಎತ್ತರವಾಗಿ ಸಾಗುತ್ತದೆ. ಹೋದ ಸಾರಿ ಕಿಟಕಿಯಿಂದ ಅದನ್ನು ನೋಡುತ್ತ, ಎಷ್ಟು ಮಂಕರಿ ಮಣ್ಣಿರಬಹುದೆಂದು ಲೆಕ್ಕ ಹಾಕಲು ಹೊರಟೆ. ಮಂಡ್ಯ ಬರುವಷ್ಟರಲ್ಲಿ ಲೆಕ್ಕ ತಪ್ಪಿತು.